ಬಕೆಟ್ ತಾಗುವವರೆಗೆ

ಸೌಮ್ಯ ಮಾತಿಲ್ಲದೆ ತೆಂಗಿನ ಗರಿ ಹೆಣೆಯುತ್ತಿದ್ದಳು. ಎರಡು ದಿನ ನೀರಲ್ಲಿ ನೆನೆಸಿ ಮೆತ್ತಗಾದ ಗರಿ. ಒಂದರ ಮೇಲೊಂದು ಹಾಯಿಸಿ, ಕಾಲಬೆರಳಲ್ಲಿ ಒತ್ತಿ ಹಿಡಿದು, ಎಳೆದು ಬಿಗಿ ಮಾಡುತ್ತಿದ್ದಳು. ಮುಗಿದ ತಟ್ಟಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ನೆಟ್ಟಿದ್ದ ಗೂಟಗಳಿಗೆ ಕಟ್ಟಿದಳು. ತಟ್ಟಿಯ ಮೇಲೆ ಗಂಡನ ಟವಲ್ಲು ಹಾಕಿದಳು. ಹಂಡೆಯ ಕೆಳಗೆ ಎರಡು ಕಾಯಿಮಟ್ಟೆ ನೂಕಿದಳು. ಇಷ್ಟೆಲ್ಲ ಆಗುವಾಗ ಅವಳ ಗಂಡ ಕಲ್ಲೇಶ ಮೂರು ಮಾರು ದೂರದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. ಅವಳು ಅವನನ್ನು ಗೋಡೆಯ ಮೇಲಿನ ಹೋದ ವರ್ಷದ ಕ್ಯಾಲೆಂಡರ್ ನೋಡುವ ಹಾಗೆ ನೋಡಿ ಒಳಗೆ ಹೋದಳು.

ಇದು ಒಂಬತ್ತನೆಯ ದಿನ.

ಮಾತು ನಿಂತದ್ದು ಒಂದು ಕೇರೆಹಾವಿನಿಂದ. ಹಿತ್ತಲಲ್ಲಿದ್ದ ಬಚ್ಚಲುಮನೆಯ ಮಣ್ಣಿನ ಗೋಡೆ ಎರಡು ವರ್ಷದ ಹಿಂದಿನ ಮಳೆಗೆ ಕುಸಿದು ಬಿದ್ದಿತ್ತು. ನಾಳೆ ಕಟ್ಟಿಸುತ್ತೇನೆ ಅಂದ ಕಲ್ಲೇಶ ಆ ನಾಳೆಯನ್ನು ಖರ್ಚು ಮಾಡದೆ ಜೋಪಾನವಾಗಿ ಇಟ್ಟುಕೊಂಡಿದ್ದ. ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಮೊದಲು ತುಂಬೆ ಹುಟ್ಟಿತು, ಆಮೇಲೆ ಎಕ್ಕ, ಆಮೇಲೆ ಹೆಸರು ಗೊತ್ತಿಲ್ಲದ ಬಳ್ಳಿಗಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ಒಳಗೆ ಹೊಕ್ಕ ಕರುವನ್ನು ಬಾಲ ಹಿಡಿದು ಎಳೆದು ತರಬೇಕಾದಂತಹ ಪೊದೆ ಎದ್ದಿತ್ತು. ಆ ಪೊದೆಯ ಬದಿಗೇ ಗೂಟ ನೆಟ್ಟು, ಗರಿಯ ತಟ್ಟಿ ಕಟ್ಟಿ, ಅದನ್ನೇ ಬಚ್ಚಲು ಅಂದುಕೊಂಡಿದ್ದರು. ಒಂಬತ್ತು ದಿನದ ಹಿಂದೆ ಸೌಮ್ಯ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಕೇರೆಹಾವೊಂದು ಪೊದೆಯಿಂದ ಬಂದು, ಅವಳ ಪಾದದ ಪಕ್ಕ ಹಾದು, ಅವಸರವಿಲ್ಲದೆ ತೋಟದ ಕಡೆ ಹೋಯಿತು. ಅವಳು ಕೂಗಿಕೊಂಡಳು. ಕಲ್ಲೇಶ ಓಡಿ ಬಂದ, ನೋಡಿದ, ನಕ್ಕ.

“ಕೇರೆಹಾವು ಕಣೇ. ಅದೇನೂ ಮಾಡಲ್ಲ.”

ಸೌಮ್ಯ ಸ್ನಾನ ಮುಗಿಸಿದಳು. ಒಳಗೆ ಬಂದು ಜಡೆ ಹಿಂಡಿಕೊಂಡು, ನಿಧಾನವಾಗಿ ಹೇಳಿದಳು.

“ಆ ಪೊದೆಗೆ ಜೆಸಿಬಿ ಬಕೆಟ್ ತಾಗೋವರ್ಗೂ ನಿಮ್ಹತ್ರ ನಾನು ಮಾತಾಡಲ್ಲ ಕಣ್ರೀ. ತಾಗಿದ್ ದಿನ ಮಾತಾಡ್ತೀನಿ.”

ಕಲ್ಲೇಶ ಅದನ್ನು ಸಂಜೆಯವರೆಗಿನ ಮಾತು ಅಂದುಕೊಂಡ. ಆದರೆ ಸೌಮ್ಯ ಕಡಿಮೆ ಮಾತಿನ ಹೆಂಗಸು, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಮುದ್ದೆ ಬಡಿಸುತ್ತಿದ್ದಳು, ಸಾರು ಬಡಿಸುತ್ತಿದ್ದಳು, ಸಾಕೋ ಬೇಕೋ ಕೇಳುತ್ತಿರಲಿಲ್ಲ. ಅಟ್ಟದ ಮೇಲೆ ಒಣಗಲು ಹಾಕಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ನೋಡುವ ಹಾಗೆ, ಅವನು ಆಗಾಗ ಒಂದೊಂದು ಮಾತು ಹಾಕಿ ಕಿವಿಗೊಡುತ್ತಿದ್ದ. ಸದ್ದಿರಲಿಲ್ಲ. ಅಟ್ಟದ ಕಾಯಿಗಾದರೂ ಹನ್ನೊಂದು ತಿಂಗಳು ಅಂತ ಒಂದು ಲೆಕ್ಕವಿದೆ.

ನಾಲ್ಕನೆಯ ದಿನಕ್ಕೆ ಅವನಿಗೆ ತನ್ನ ಧ್ವನಿಯೇ ಬೇಸರ ಬಂತು. ಐದನೆಯ ದಿನ ಹಸುವಿನ ಹತ್ತಿರ ಮಾತಾಡುತ್ತಿದ್ದುದನ್ನು ಪಕ್ಕದ ಮನೆಯ ಹೊಂಬಾಳಮ್ಮ ಕೇಳಿಸಿಕೊಂಡು, ಊರಿಗೆಲ್ಲ ಹೇಳಿ, ಆಮೇಲೆ ಅವನಿಗೆ ಸಮಾಧಾನವನ್ನೂ ಹೇಳಿದರು. ಆರನೆಯ ದಿನ ಅವನು ಬಚ್ಚಲುಮನೆಗೆ ಇಟ್ಟಿಗೆ, ಮರಳು ತರಿಸಿ ಹಿತ್ತಲಲ್ಲಿ ಇಳಿಸಿದ. ಸೌಮ್ಯ ಬಂದು ಇಟ್ಟಿಗೆ ನೋಡಿದಳು, ಮೇಲೆ ಕೂತಿದ್ದ ಕೋಳಿಯನ್ನು ಓಡಿಸಿದಳು, ಒಳಗೆ ಹೋದಳು. ಇಟ್ಟಿಗೆ ಬಕೆಟ್ ಅಲ್ಲ.

ಹೊನ್ನೇಪಾಳ್ಯಕ್ಕೆ ಜೆಸಿಬಿ ಬರುವುದೆಂದರೆ ಹಂಗಿಂಗೆ ಅಲ್ಲ. ಮಳೆ ನಿಂತ ಮೇಲೆ ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನವರೆಗೆ ಎಲ್ಲರಿಗೂ ಬದು ಹಾಕಿಸಬೇಕು, ಗುಂಡಿ ತೆಗೆಸಬೇಕು. ಜೆಸಿಬಿ ಓಡಿಸುವ ರಾಜಣ್ಣನಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿ, ಮನೆಯ ಪರಿಸ್ಥಿತಿಯನ್ನು ಬಿಡಿಸಿ ಹೇಳಿ, ಕೊನೆಗೆ ಕಲ್ಲೇಶ ಈ ದಿನ ಬೆಳಗ್ಗೆ ಎಂಟಕ್ಕೆ ಒಂದು ಗಂಟೆ ಗಿಟ್ಟಿಸಿದ್ದ. ರಾಜಣ್ಣ ಮಧ್ಯಾಹ್ನಕ್ಕೆ ಬೋರನಕಣಿವೆ ಕಡೆ ಹೋಗಬೇಕಿತ್ತು, ಮತ್ತೆ ಈ ಕಡೆ ಬರುವುದು ದೀಪಾವಳಿ ಕಳೆದ ಮೇಲೆ.

ಅದೇ ದಿನ ಊರಲ್ಲಿ ಕಾರ್ಯಕ್ರಮವೂ ಇತ್ತು. ತಿಪಟೂರಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಶ್ರೀನಿವಾಸ್ ಮೇಷ್ಟ್ರು ನಮ್ಮ ಸೀಮೆಯ ಗಿಡ, ಹುಳ, ಕುರುಚಲು ಕಾಡು ಇವುಗಳ ಬಗ್ಗೆ ಊರೂರಿಗೆ ಹೋಗಿ ಮಾತಾಡುತ್ತಿದ್ದರು. ತಿಂಗಳ ಹಿಂದೆ ಬಂದು, ಊರ ಮುಂದಿನ ಗುಂಡುತೋಪಿನಲ್ಲಿ ಇಡೀ ದಿನ ಬಗ್ಗಿಕೊಂಡು ಓಡಾಡಿ, ಏನೇನೋ ಬರೆದುಕೊಂಡು, ಭಾಷಣ ಇಲ್ಲೇ ಆಗಲಿ, ಜನರನ್ನು ತೋಪಿನೊಳಗೆ ನಡೆಸಿಕೊಂಡು ಹೋಗಿ ತೋರಿಸುತ್ತೇನೆ ಅಂದಿದ್ದರು. ಪಂಚಾಯ್ತಿ ಮೆಂಬರ್ ಕರಿಬಸವಯ್ಯ ಒಪ್ಪಿ, ಶಾಮಿಯಾನ, ಮೈಕು, ಇನ್ನೂರು ಜನಕ್ಕೆ ಉಪ್ಪಿಟ್ಟು ಕೇಸರಿಬಾತು ಎಲ್ಲ ಏರ್ಪಾಡು ಮಾಡಿದ್ದರು. ಫ್ಲೆಕ್ಸಿನಲ್ಲಿ ಮೇಷ್ಟ್ರ ಫೋಟೋ ಒಂದು ಕಡೆ, ಕರಿಬಸವಯ್ಯನವರದು ಎರಡು ಕಡೆ ಇತ್ತು.

ಎಂಟಕ್ಕೆ ಸರಿಯಾಗಿ ಜೆಸಿಬಿಯ ಸದ್ದು ಕೇಳಿ ಕಲ್ಲೇಶ ಊರ ಮುಂದಕ್ಕೆ ಓಡಿದ. ಗಾಡಿ ತೋಪಿನ ಹತ್ತಿರವೇ ನಿಂತಿತ್ತು. ಮುಂದೆ ಕರಿಬಸವಯ್ಯ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಸುಣ್ಣದ ಬಕೆಟ್ಟು. ರಸ್ತೆಯ ಎರಡೂ ಪಕ್ಕ ಕಲ್ಲು ಜೋಡಿಸಿ ಸುಣ್ಣ ಬಳಿಸುತ್ತಿದ್ದರು. ದೊಡ್ಡವರು ಬರುವಾಗ ಊರು ತೊಳೆದ ತಟ್ಟೆಯಂತಿರಬೇಕು ಅನ್ನುವುದು ಅವರ ಪದ್ಧತಿ. ಹೋದ ಸಲ ತಹಸೀಲ್ದಾರರು ಬಂದಾಗ ಬೀದಿ ನಾಯಿಗಳಿಗೂ ಸ್ನಾನ ಮಾಡಿಸಿದ್ದರು.

“ಬಾರ್ಲಾ ಕಲ್ಲೇಶ. ಗಾಡಿ ನಿಂದೇ ಅಂತಲ್ಲ. ಒಂದರ್ಧ ಗಂಟೆ ಬುಡ್ಲಾ. ಈ ತೋಪು ನೋಡು, ಹೆಂಗ್ ಬೆಳ್ಕಂಡೈತೆ. ಗಿಡದ ಮೇಷ್ಟ್ರು ಬತ್ತಾವ್ರೆ, ಈ ಕಸದೊಳಗೆ ನಡೆಸ್ಕಂಡ್ ಹೋಗಕಾಯ್ತದಾ? ಮರ್ಯಾದೆ ಪ್ರಶ್ನೆ ಕಣ್ಲಾ.”

ಆಗಲ್ಲ ಅನ್ನುವ ಮಾತು ಕಲ್ಲೇಶನ ಎದೆಯಲ್ಲಿ ಹುಟ್ಟುತ್ತಿತ್ತು, ಗಂಟಲವರೆಗೂ ಬರುತ್ತಿತ್ತು, ಅಲ್ಲಿ ಯಾರೋ ಹಿರಿಯರನ್ನು ಕಂಡವರಂತೆ ಚಪ್ಪಲಿ ಬಿಟ್ಟು ನಿಂತುಬಿಡುತ್ತಿತ್ತು. “ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆನೇ ತಾನೆ ಅಣ್ಣ,” ಅಂತ ಮಾತ್ರ ಕೇಳಿದ.

ಜೆಸಿಬಿ ತೋಪಿಗೆ ನುಗ್ಗಿತು. ಹೊಂಗೆ, ಬೇವು, ಹುಣಸೆ ಮರಗಳನ್ನು ಬಿಟ್ಟು ಕೆಳಗಿದ್ದ ಕಾರೆ, ಲಕ್ಕಿ, ಬಂದರಿಕೆ, ತಂಗಡಿ ಗಿಡಗಳು, ಅವುಗಳ ಮೇಲೆ ಹಬ್ಬಿದ್ದ ಬಳ್ಳಿಗಳು ಎಲ್ಲವನ್ನೂ ಬಾಚಿ ಒಂದು ಮೂಲೆಗೆ ಒಟ್ಟಿತು. ಹಿಂದಿನಿಂದ ಇಬ್ಬರು ಪೊರಕೆ ಹಿಡಿದು ಗುಡಿಸಿದರು. ಅವರ ಹಿಂದಿನಿಂದ ಒಬ್ಬ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆದ. ಒಂಬತ್ತು ಗಂಟೆಯ ಹೊತ್ತಿಗೆ ತೋಪು, ಮುಡಿ ಕೊಟ್ಟು ಬಂದ ತಲೆಯ ಹಾಗೆ ಥಳಥಳ ಹೊಳೆಯಿತು.

ಗಾಡಿ ಕಲ್ಲೇಶನ ಬೀದಿಗೆ ತಿರುಗಿದಾಗ ಹೊಂಬಾಳಮ್ಮ ಅಡ್ಡ ನಿಂತಿದ್ದರು. ಅವರ ತಿಪ್ಪೆ ದಾರಿಗೆ ಜಾರಿತ್ತು, ಒಂದೇ ಒಂದು ಸಲ ಒಳಕ್ಕೆ ನೂಕಿದರೆ ಸಾಕು ಅಂದರು. ಕಲ್ಲೇಶನ ಮನೆಯಲ್ಲಿ ಮಾತು ನಿಂತಿರುವುದಕ್ಕೆ ತಾನು ಎಷ್ಟು ನೊಂದಿದ್ದೇನೆ ಅನ್ನುವುದನ್ನೂ ತಿಪ್ಪೆ ನೂಕಿಸುತ್ತಲೇ ಹೇಳಿದರು. ಆ ಒಂದು ಸಲ ಇಪ್ಪತ್ತು ನಿಮಿಷ ಹಿಡಿಯಿತು. ಮುಂದಿನ ತಿರುವಿನಲ್ಲಿ ಪರಮೇಶ. ಸಿಡಿಲು ಹೊಡೆದ ತೆಂಗಿನ ಬುಡವೊಂದು ಅವನ ಅಂಗಳದಲ್ಲಿ ಎರಡು ವರ್ಷದಿಂದ ಕೂತಿತ್ತು.

“ಲೇ ಕಲ್ಲೇಶ, ನೀನು ಒಂಬತ್ ದಿನ ಕಾದಿದೀಯ, ಇನ್ನರ್ಧ ಗಂಟೆಗೆ ಏನಾಯ್ತದ್ಲಾ? ನಮ್ಮನೇಲಿ ಬಾಯಿ ನಿಲ್ಲೋದೇ ಇಲ್ಲ. ಬೇಕಾದ್ರೆ ಅದಲು ಬದಲು ಮಾಡ್ಕಳನ ಬಾ.”

ಬುಡ ಬಂತು. ಬುಡದ ಜೊತೆ ಪರಮೇಶನ ಮನೆಯ ನಲ್ಲಿ ಪೈಪೂ ಬಂತು. ಅದನ್ನು ಕಟ್ಟುವಷ್ಟರಲ್ಲಿ ರಾಜಣ್ಣ ಗಾಡಿ ನಿಲ್ಲಿಸಿ, ಶಾಮಿಯಾನದ ಕಡೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿದೆ ಅಂತ ಹೇಳಿ ಆ ಕಡೆ ಹೋದ. ಕಲ್ಲೇಶ ಅವನ ಹಿಂದೆ ಹೋಗಿ, ಎದುರು ಕೂತು, ಅವನು ತಿನ್ನುವ ಒಂದೊಂದು ತುತ್ತನ್ನೂ ಗಂಟಲಿಳಿಯುವವರೆಗೆ ನೋಡಿದ.

ಅಲ್ಲಿಗೆ ಶ್ರೀನಿವಾಸ್ ಮೇಷ್ಟ್ರ ಕಾರು ಬಂತು. ಸಣಕಲು ಮನುಷ್ಯ, ತಲೆಗೆ ಬಟ್ಟೆಯ ಟೋಪಿ, ಹೆಗಲಿಗೆ ಚೀಲ. ಇಳಿದವರು ತೋಪಿನ ಕಡೆ ತಿರುಗಿ ನಿಂತರು.

“ಇಲ್ಲಿ ಒಂದು ತೋಪು ಇತ್ತಲ್ಲ?”

“ಇದೇಯ ಸಾರ್,” ಅಂದರು ಕರಿಬಸವಯ್ಯ, ಕೈ ಮುಗಿದುಕೊಂಡು. “ಅವಾಗ ಕಾಣ್ತಿರ್ಲಿಲ್ಲ. ಈಗ ನೋಡಿ, ಆ ತುದಿಯಿಂದ ಈ ತುದಿಗೂ ಕಾಣ್ತದೆ.”

ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆದರು. ಅರವತ್ತೆರಡು ಜಾತಿಯ ಗಿಡ, ನಲವತ್ತೊಂದು ಜಾತಿಯ ಹುಳ ಬರೆದುಕೊಂಡಿದ್ದೇನೆ, ಇದರಲ್ಲಿ ನಾನು ಈಗ ಜನಕ್ಕೆ ಯಾವುದನ್ನು ತೋರಿಸಲಿ ಅಂತ ಮೆಲ್ಲಗೆ ಕೇಳಿದರು.

“ಒಂದು ಹುಳ ಇಲ್ಲ ಸಾರ್ ಈಗ. ಔಷಧಿನೂ ಹೊಡ್ಸಿದೀವಿ. ನೀವು ಧೈರ್ಯವಾಗಿ ಓಡಾಡ್ಬೋದು.”

ಮೇಷ್ಟ್ರು ಮಾತಾಡಲಿಲ್ಲ. ಊರಲ್ಲಿ ಮಾತು ನಿಲ್ಲಿಸಿದವರು ಇಬ್ಬರಾದರು ಅಂತ ಕಲ್ಲೇಶನಿಗೆ ಅನ್ನಿಸಿತು. ಅಷ್ಟರಲ್ಲಿ ಯಾರೋ ನರ್ಸರಿಯಿಂದ ತಂದ ಬಣ್ಣದ ಎಲೆಯ ಕುಂಡವನ್ನು ಮೇಷ್ಟ್ರ ಮುಂದೆ ಇಟ್ಟು, ಕೈಗೆ ನೀರಿನ ತಂಬಿಗೆ ಕೊಟ್ಟು, ಗಿಡಕ್ಕೆ ನೀರೆರೆದು ಉದ್ಘಾಟನೆ ಮಾಡಬೇಕು ಅಂದರು. ಮೇಷ್ಟ್ರು ತಂಬಿಗೆಯನ್ನು ಎತ್ತಿ ನೀರು ಕುಡಿದು, ವಾಪಸು ಕೊಟ್ಟು, ಕಾರಿನ ಕಡೆ ನಡೆದರು.

ರಾಜಣ್ಣ ಕೈ ತೊಳೆದ. ಕಲ್ಲೇಶ ಅಷ್ಟಕ್ಕೇ ಕಾದಿದ್ದ. ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡು ಹೋಗಿ ಗಾಡಿ ಹತ್ತಿಸಿ, ತಾನೂ ಪಕ್ಕದ ಮೆಟ್ಟಿಲ ಮೇಲೆ ನಿಂತು, ಹೆಣ್ಣು ಕರೆದುಕೊಂಡು ಬರುವ ಬೀಗರ ಗತ್ತಿನಲ್ಲಿ ತನ್ನ ಹಿತ್ತಲಿಗೆ ಬಂದ. ಸದ್ದು ಕೇಳಿ ಸೌಮ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂಬಾಗಿಲಿಗೆ ಬಂದಳು.

“ಹಾಕು ರಾಜಣ್ಣ,” ಅಂದ ಕಲ್ಲೇಶ.

ಬಕೆಟ್ ಮೇಲೆದ್ದಿತು. ಪೊದೆಯ ಮೇಲೆ ಬಂದು ನಿಂತಿತು. ಕಲ್ಲೇಶ ಬಕೆಟ್ ನೋಡುವುದನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. ಒಂಬತ್ತು ದಿನದಿಂದ ಮುಚ್ಚಿದ್ದ ತುಟಿಗಳು, ಬಕೆಟ್ ಇಳಿಯತೊಡಗಿದ ಹಾಗೆ, ಒಂದು ಕೂದಲೆಳೆಯಷ್ಟು ಬಿಟ್ಟುಕೊಂಡವು.

“ನಿಲ್ಸಿ, ನಿಲ್ಸಿ,” ಅಂತ ಬೇಲಿಯ ಹೊರಗಿನಿಂದ ಕೂಗು ಬಂತು. ಬಕೆಟ್ ನಿಂತಿತು. ತುಟಿಗಳೂ ಮುಚ್ಚಿಕೊಂಡವು.

ಕರಿಬಸವಯ್ಯ ಮೇಷ್ಟ್ರ ಕೈ ಹಿಡಿದುಕೊಂಡು ಬರುತ್ತಿದ್ದರು. ಹಿಂದೆ ಶಾಮಿಯಾನದ ಜನ ಪೂರ್ತಿ, ಕೆಲವರು ಕೇಸರಿಬಾತಿನ ತಟ್ಟೆಯ ಸಮೇತ. ಕಾರಿನ ಬಾಗಿಲಿಗೆ ಅಡ್ಡ ನಿಂತ ಕರಿಬಸವಯ್ಯನವರಿಗೆ ಕೊನೆಯ ಗಳಿಗೆಯಲ್ಲಿ ಹೊಳೆದಿತ್ತು: ಊರಲ್ಲಿ ಕ್ಲೀನ್ ಆಗದೆ ಉಳಿದಿರುವ ಜಾಗ ಒಂದೇ ಒಂದು.

“ನಾನು ಹೇಳ್ಳಿಲ್ವಾ ಸಾರ್, ನಮ್ಮ ಕಲ್ಲೇಶ ಸೋಂಬೇರಿ ಕಣ್ರೀ, ಎರಡು ವರ್ಷದಿಂದ ಒಂದು ಕಡ್ಡಿ ಮುಟ್ಟಿಲ್ಲ,” ಅಂತ ಅವರು ಹೆಮ್ಮೆಯಿಂದ ಹೇಳಿದರು.

ಮೇಷ್ಟ್ರು ಪೊದೆಯನ್ನು ನೋಡಿದ ರೀತಿಯನ್ನು ನೋಡಿ ಕಲ್ಲೇಶನಿಗೆ ಈ ಸಲವೂ ಬಕೆಟ್ ತಾಗುವುದಿಲ್ಲ ಅಂತ ಗೊತ್ತಾಯಿತು. ಅವನು ಗಾಡಿಯ ಮೆಟ್ಟಿಲು ಹತ್ತಿ ರಾಜಣ್ಣನ ಕಿವಿಯಲ್ಲಿ ಪಿಸುಗುಟ್ಟಿದ. “ಕೀಳೋದೇನೂ ಬ್ಯಾಡ ರಾಜಣ್ಣ. ಸುಮ್ನೆ ಒಂದ್ಸಲ ತಾಗ್ಸು. ತುದಿ ತಾಗಿದ್ರೂ ಸಾಕು.”

“ಮೆಂಬರ್ ಬ್ಯಾಡ ಅಂತಾವ್ರಲ್ಲಪ್ಪ,” ಅಂದ ರಾಜಣ್ಣ, ಬಕೆಟ್ ಮಡಚುತ್ತಾ. ಅವನಿಗೆ ಬೋರನಕಣಿವೆಗೆ ಹೊತ್ತಾಗಿತ್ತು. ಜೆಸಿಬಿ ಹಿಂದಕ್ಕೆ ಸರಿದು, ತಿರುಗಿ, ಬೀದಿ ದಾಟಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಕಲ್ಲೇಶ ಆ ಕಡೆಯೇ ನೋಡುತ್ತಿದ್ದ.

ಮೇಷ್ಟ್ರು ಪೊದೆಯ ಪಕ್ಕ ಮಂಡಿಯೂರಿದರು. ಮೈಕಿನವನು ವೈರು ಎಳೆದು ತಂದ. ಮೇಷ್ಟ್ರು ಒಂದು ಬಳ್ಳಿ ತೋರಿಸಿ ಇದು ಯಾರಿಗೆ ಗೊತ್ತು ಅಂತ ಕೇಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕರಿಬಸವಯ್ಯ ವೀಳ್ಯದೆಲೆ ಇರಬಹುದು ಅಂದರು. ಮೇಷ್ಟ್ರು ಎಲೆ ಎತ್ತಿ ನೋಡಲು ಕೈ ಚಾಚಿದರು.

“ಮುಟ್ಬೇಡಿ ಸಾರ್. ಕೆಳಗೆ ಮರಿ ಅವೆ.”

ಎಲ್ಲರೂ ತಿರುಗಿದರು. ಹಿಂಬಾಗಿಲಲ್ಲಿ ನಿಂತಿದ್ದ ಸೌಮ್ಯ ತಲೆ ತಗ್ಗಿಸಿದ್ದಳು. ಮಾತು ಅವಳ ಬಾಯಿಂದಲೇ ಬಂದಿತ್ತೋ ಇಲ್ಲವೋ ಅಂತ ಅವಳಿಗೇ ಅನುಮಾನ ಇದ್ದಂತಿತ್ತು.

“ಅದು ಈಶ್ವರಿ ಬಳ್ಳಿ ಸಾರ್,” ಅಂದಳು ನೆಲ ನೋಡಿಕೊಂಡು. “ಕೆಂಪು ಮೈಯಿನ ಕರೀ ಚಿಟ್ಟೆ ಬಂದು ಅದೊಂದ್ರಲ್ಲೇ ಮೊಟ್ಟೆ ಇಡ್ತದೆ, ಬ್ಯಾರೆ ಬಳ್ಳಿಗೆ ಹೋಗಲ್ಲ. ಮರಿ ಹುಳ ಕಪ್ಪಗಿರ್ತದೆ, ಮೈ ತುಂಬ ಮುಳ್ಳಿನಂಗೆ. ಆ ಎಲೇಲಿ ಮೂರು ಅವೆ. ನೆನ್ನೆ ನಾಕಿದ್ವು.”

ಮೇಷ್ಟ್ರು ಬಗ್ಗಿ ನೋಡಿದರು. ಮೂರಿದ್ದವು. ನಾಲ್ಕನೆಯದು ಎಲ್ಲಿ ಅಂತ ಕೇಳಿದರು. ಗೂಡು ಕಟ್ಟಲು ಜಾಗ ಹುಡುಕಿಕೊಂಡು ಎಕ್ಕದ ಕಡೆ ಹೋಗಿದೆ ಅಂದಳು ಸೌಮ್ಯ. ಅವರು ಎಕ್ಕದ ಹತ್ತಿರ ಹೋದರು. ಅಲ್ಲಿತ್ತು.

ಆಮೇಲೆ ಮೇಷ್ಟ್ರು ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಮೊದಲು ಬಾಗಿಲಿನಿಂದ, ಆಮೇಲೆ ಹಂಡೆಯ ಹತ್ತಿರದಿಂದ, ಆಮೇಲೆ ಪೊದೆಯ ಪಕ್ಕ ಬಂದು. ಬಿದ್ದ ಗೋಡೆಯ ಮಣ್ಣನ್ನೇ ಉಂಡೆ ಕಟ್ಟಿಕೊಂಡು ಹೋಗಿ, ಗೂಟದ ಮೇಲೆ ಸಣ್ಣ ಮಡಕೆ ಮಾಡುವ ಕಡಜ ಯಾವುದು. ಅದು ಮಡಕೆಯೊಳಗೆ ಹಸಿರು ಹುಳಗಳನ್ನು ತುಂಬಿ ಬಾಯಿ ಮುಚ್ಚುವುದಕ್ಕೆ ಎಷ್ಟು ಹೊತ್ತು. ತುಂಬೆ ಹೂವಿಗೆ ಬಿಸಿಲು ಹತ್ತುವ ಮೊದಲು ಬರುವ ಜೇನು ಯಾವುದು, ಹತ್ತಿದ ಮೇಲೆ ಬರುವುದು ಯಾವುದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮದುವೆಯಾಗಿ ಬಂದ ಮೇಲೆ ಹತ್ತು ಜನರ ಮುಂದೆ ತಲೆ ಎತ್ತದವಳು, ಇನ್ನೂರು ಜನರ ಮುಂದೆ ಮೈಕು ಹಿಡಿದು ನಿಂತಿದ್ದಳು. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು.

“ಇಷ್ಟೆಲ್ಲ ಯಾವಾಗ ನೋಡಿದಿರಮ್ಮ?”

“ದಿನಾ ಸ್ನಾನಕ್ಕೆ ನಿಲ್ತೀನಲ್ಲ ಸಾರ್. ನೋಡಕೆ ಇನ್ನೇನಿತ್ತು ಇಲ್ಲಿ.”

“ಯಾರಿಗಾದ್ರೂ ಹೇಳಿದ್ರಾ?”

“ಯಾರೂ ಕೇಳ್ಲಿಲ್ಲ ಸಾರ್.”

ಕಲ್ಲೇಶ ಇಟ್ಟಿಗೆಯ ರಾಶಿಯ ಮೇಲೆ ಕೂತು ಕೇಳುತ್ತಿದ್ದ. ಒಂಬತ್ತು ದಿನದ ಮೇಲೆ ಅವಳ ಧ್ವನಿ ಕಿವಿಗೆ ಬಿದ್ದದ್ದೇ ಅವನಿಗೆ ಸಾಕಾಗಿತ್ತು. ಬಕೆಟ್ ತಾಗದಿದ್ದರೇನು, ಬಾಯಿ ಬಿಟ್ಟಳಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡ. ಯಾರೋ ಹಾವಿನ ವಿಷಯ ಕೇಳಿದರು.

“ಕೇರೆಹಾವು ಐತೆ,” ಅಂದಳು ಸೌಮ್ಯ ಮೈಕಿನಲ್ಲಿ. “ಅದೇನೂ ಮಾಡಲ್ಲ.”

ಎಲ್ಲರ ಜೊತೆ ಕಲ್ಲೇಶನೂ ತಲೆಯಾಡಿಸಿದ. ಆಮೇಲೆ ಆ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಯೋಚಿಸಿದ.

ಅಷ್ಟರಲ್ಲಿ ಕರಿಬಸವಯ್ಯ, ಮೇಷ್ಟ್ರಿಗೆ ಅಂತ ತಂದಿದ್ದ ಎರಡು ಶಾಲುಗಳಲ್ಲಿ ಒಂದನ್ನು ಸೌಮ್ಯಳಿಗೆ ಹೊದಿಸಿಬಿಟ್ಟರು. ಶಾಮಿಯಾನದಲ್ಲಿದ್ದ ಫ್ಲೆಕ್ಸು ಹಿತ್ತಲ ಬೇಲಿಗೆ ಬಂತು. ಇಟ್ಟಿಗೆಯ ಮೇಲಿಂದ ಕಲ್ಲೇಶನನ್ನು ಎಬ್ಬಿಸಿ, ಆ ಇಟ್ಟಿಗೆಯಲ್ಲೇ ಪೊದೆಯ ಸುತ್ತ ಜನ ಕೂರುವುದಕ್ಕೆ ಒಂದು ಜಗಲಿಯಂತೆ ಜೋಡಿಸಿದರು. ಇನ್ನು ಮೇಲೆ ಪ್ರತಿ ಭಾನುವಾರ ಇಲ್ಲಿ ಸೌಮ್ಯಮ್ಮನವರು ಬಂದವರಿಗೆ ಪೊದೆಯನ್ನು ತೋರಿಸುತ್ತಾರೆ ಅಂತ ಕರಿಬಸವಯ್ಯ ಯಾರನ್ನೂ ಕೇಳದೆ ಘೋಷಿಸಿದರು. ಶಾಲು ಹೊದ್ದವಳು ತಟ್ಟಿಯ ಹಿಂದೆ ಸ್ನಾನ ಮಾಡಬಾರದು, ನಮ್ಮ ಮನೆಯ ಟೈಲ್ಸ್ ಬಚ್ಚಲಿಗೆ ದಿನಾ ಬರಲಿ, ಅವಳೊಬ್ಬಳು ಮಾತ್ರ, ಅಂತ ಹೊಂಬಾಳಮ್ಮ ಅಲ್ಲೇ ಮಾತು ಕೊಟ್ಟರು.

ಮೇಷ್ಟ್ರು ಸೌಮ್ಯಳ ಕಡೆ ತಿರುಗಿದರು. ಅವರಿಗೆ ತೋಪಿನ ಸಂಕಟ ಇನ್ನೂ ಇಳಿದಿರಲಿಲ್ಲ. “ಇಷ್ಟು ಹೇಳಿದಿರಿ. ನಾಳೆ ನಿಮ್ಮ ಮನೆಯವರೇ ಇದನ್ನ ಕೀಳಿಸಿಬಿಟ್ಟರೆ?”

“ಇಲ್ಲ ಸಾರ್,” ಅಂದಳು ಸೌಮ್ಯ. ಈ ಸಲ ತಲೆ ಎತ್ತಿಯೇ ಹೇಳಿದಳು. “ಇದಕ್ಕೆ ಜೆಸಿಬಿ ಬಕೆಟ್ ಯಾವತ್ತೂ ತಾಗಲ್ಲ. ನಾನು ಮಾತು ಕೊಡ್ತೀನಿ.”

ಜನ ಚಪ್ಪಾಳೆ ತಟ್ಟಿದರು. ಕಲ್ಲೇಶನೂ ತಟ್ಟಿದ. ನಾಲ್ಕನೆಯ ಚಪ್ಪಾಳೆಗೆ ಅವನ ಕೈಗಳು ಮಧ್ಯದಲ್ಲೇ ನಿಂತವು.

ಅವನು ಅವಳ ಹತ್ತಿರ ಹೋಗಿ, ಇದೇನು ಹೀಗಂದೆ, ಆವತ್ತು ಬಕೆಟ್ ತಾಗಿದ ದಿನ ಮಾತಾಡುತ್ತೇನೆ ಅಂದಿದ್ದೆಯಲ್ಲ, ಅದರ ಕತೆ ಏನು ಅಂತ ಕೇಳಿದ. ಸೌಮ್ಯ ಅವನನ್ನು ಹೋದ ವರ್ಷದ ಕ್ಯಾಲೆಂಡರ್ ನೋಡುವ ಹಾಗೆ ನೋಡಿದಳು. ಆಮೇಲೆ ಪರಮೇಶನ ಹೆಂಡತಿಯ ಕಡೆ ತಿರುಗಿ, ಕಡಜದ ಮಡಕೆಗೆ ಕೈ ತಾಗಿಸಬೇಡಿ ಅಂತ ಪ್ರೀತಿಯಿಂದ ಹೇಳಿದಳು.

ಮಧ್ಯಾಹ್ನ ಜನ ಊಟಕ್ಕೆ ಹೋದರು, ಊಟ ಮಾಡಿ ವಾಪಸು ಬಂದರು. ಕಲ್ಲೇಶನ ಪೊದೆ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಈಗ ಎಲ್ಲರಿಗೂ ಒಂದೊಂದು ಹುಳ ಕಾಣಿಸುತ್ತಿತ್ತು. ಹೊತ್ತು ಇಳಿಯುವಾಗ ಪತಂಗಗಳು ಏಳುತ್ತವೆ, ಅದನ್ನೊಂದು ನೋಡಿಕೊಂಡೇ ಹೋಗುತ್ತೇನೆ ಅಂದರು ಮೇಷ್ಟ್ರು. ಸಂಜೆಯ ಹೊತ್ತಿಗೆ ಕಲ್ಲೇಶನ ಮೈಮೇಲೆ ತೋಪಿನ ಧೂಳು, ಹೊಂಬಾಳಮ್ಮನ ತಿಪ್ಪೆ, ಪರಮೇಶನ ಪೈಪಿನ ಕೆಸರು ಎಲ್ಲ ಒಣಗಿ ಒಡೆಯುತ್ತಿದ್ದವು. ಜನ ಪೊದೆಯ ಆ ಮಗ್ಗುಲಿಗೆ ಸರಿದ ಹೊತ್ತು ನೋಡಿ ಅವನು ಹಂಡೆಯಿಂದ ಒಂದು ಕೊಡ ನೀರು ತೋಡಿಕೊಂಡು ತಟ್ಟಿಯ ಮರೆಗೆ ಹೋದ. ಬೇಗ ಬೇಗ ತಲೆಗೆ ನೀರು ಹುಯ್ದುಕೊಂಡ, ಸೋಪು ಹಚ್ಚಿದ, ತೊಳೆದ. ಕೊಡ ಬರಿದಾಯಿತು.

ಟವಲ್ಲಿಗೆ ಕೈ ಹಾಕಿದ. ಬೆಳಗ್ಗೆ ಸೌಮ್ಯ ಹಾಕಿದ ಹಾಗೇ ಅದು ತಟ್ಟಿಯ ಮೇಲೆ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಇಳಿಬಿದ್ದಿತ್ತು. ಎಳೆದ. ಹೊರಗಿನಿಂದ ನಾಲ್ಕಾರು ಜನ ಒಟ್ಟಿಗೆ ಶ್ ಅಂದರು.

ಗರಿಯ ಸಂದಿಯಲ್ಲಿ ಕಣ್ಣಿಟ್ಟು ನೋಡಿದ. ಮೇಷ್ಟ್ರು, ಕರಿಬಸವಯ್ಯ, ಹೊಂಬಾಳಮ್ಮ, ಪರಮೇಶ, ಅವರ ಹಿಂದೆ ಊರು, ಎಲ್ಲರೂ ತಟ್ಟಿಯ ಮುಂದೆ ಅರ್ಧ ಚಂದ್ರಾಕಾರವಾಗಿ ನಿಂತಿದ್ದರು. ಟವಲ್ಲಿನ ಹೊರಗಿನ ಅರ್ಧದ ಮೇಲೆ ಅಂಗೈ ಅಗಲದ ಹಸಿರು ಪತಂಗವೊಂದು ರೆಕ್ಕೆ ಚಾಚಿ ಕೂತಿತ್ತು. ಶಾಲು ಹೊದ್ದ ಸೌಮ್ಯ ಮೈಕನ್ನು ಬಾಯಿಗೆ ಹತ್ತಿರ ಹಿಡಿದು, ಇದು ಒಂದು ಸಲ ಕೂತರೆ ಸುಲಭಕ್ಕೆ ಏಳುವುದಿಲ್ಲ, ಯಾರೂ ಅಲ್ಲಾಡಬೇಡಿ ಅಂತ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

ಕಲ್ಲೇಶ ಅಲ್ಲಾಡಲಿಲ್ಲ. ಸಂಜೆಯ ಗಾಳಿ ತೆಂಗಿನ ತೋಟದ ಕಡೆಯಿಂದ ಬಂದು ತಟ್ಟಿಯೊಳಗೆ ಹಾದುಹೋಯಿತು. ಸ್ವಲ್ಪ ಹೊತ್ತು ನೋಡಿ ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆದ. ಆಮೇಲೆ ಪರಮೇಶನನ್ನು ಕರೆದ. ಆಮೇಲೆ ಯಾರನ್ನೂ ಕರೆಯದೆ, ಎಲ್ಲರಿಗೂ ಸೇರಿಸಿ, ಗಂಟಲು ಸರಿಮಾಡಿಕೊಂಡು ಕೇಳಿದ.

“ಆ ಟವಲ್ ಸ್ವಲ್ಪ ಕೊ‌ಡ್ರಪ್ಪ.”